ಗೊಬ್ಬರವಿಲ್ಲದ ತಾಕಿನ ಉಂಗುರ

ಗೊಬ್ಬರ ಕಾಣದ ನೆಲದಿಂದ ಮಣ್ಣಿನ ಸಾರಜನಕ ಹುಟ್ಟಿಸುವ ನೈಟ್ರಸ್ ಆಕ್ಸೈಡ್ ಅನಿಲ ಹೊರಡುವುದು ಅಷ್ಟಕ್ಕಷ್ಟೇ ಎಂದು ಮಣ್ಣಿನ ಸಂಶೋಧಕರಾದ ನಾವೆಲ್ಲ ನಂಬಿದ್ದೆವು. ಅದಕ್ಕೇ ದಂಡಿಗನಹಳ್ಳಿ ಕಡೆಯ ಒಂದು ರಾಗಿ ಹೊಲದಲ್ಲಿ, ಹೋಲಿಕೆಗೆಂದು ಒಂದು ತಾಕಿಗೆ ಗೊಬ್ಬರ ಹಾಕಿಸದೆ, ಮಣ್ಣಿನಲ್ಲಿ ಮೊಳದಗಲದ ಕಬ್ಬಿಣದ ಉಂಗುರವೊಂದನ್ನು ಹೂತು ಬಂದಿದ್ದೆವು. ಅಳೆಯುವಾಗ ಅದರ ಮೇಲೆ ಮುಚ್ಚಳ ಕವುಚಿದರೆ, ಮಣ್ಣು ಬಿಟ್ಟ ಅನಿಲ ಕೊಳವೆಯಲ್ಲಿ ಯಂತ್ರಕ್ಕೆ ಹೋಗುತ್ತದೆ.

ಎರಡು ವಾರ ಬಿಟ್ಟು ಹೋಗಿ ಮುಚ್ಚಳ ಕವುಚಿದೆ. ಒಳಗಿನ ಮಣ್ಣು ತೇವವಾಗಿತ್ತು, ಇಬ್ಬನಿ ಎಂದುಕೊಂಡೆ. ಯಂತ್ರದ ಅಂಕಿ ಏರಿತು, ಏರುತ್ತಲೇ ಹೋಯಿತು, ಪಕ್ಕದಲ್ಲಿ ಯೂರಿಯಾ ಹಾಕಿದ ತಾಕಿನ ಅಂಕಿಯನ್ನೂ ದಾಟಿತು. ಯಂತ್ರ ಕೆಟ್ಟಿರಬೇಕೆಂದು ಮೂರು ಸಲ ಅಳೆದೆ. ಕೆಟ್ಟಿರಲಿಲ್ಲ. ಬೇರೆಯವರ ಸಂಶೋಧನೆಯನ್ನು ಸುಲಭಕ್ಕೆ ನಂಬದ ನಾನು ನನ್ನದನ್ನು ಐದೇ ನಿಮಿಷದಲ್ಲಿ ನಂಬಿದೆ. ಪ್ರಬಂಧದ ಶೀರ್ಷಿಕೆಯೂ ಹೊಳೆದುಬಿಟ್ಟಿತು.

ಹೊಲದ ಒಡತಿ ಜಯಮ್ಮ ಬದುವಿನ ಮೇಲೆ ಕೂತಿದ್ದರು. "ಏನ್ ಸಾ, ಮಕ ಅಂಗೆ ಅರಳ್ಬುಟ್ಟೈತೆ?"

"ನಿಮ್ಮ ಮಣ್ಣು ಸಾಮಾನ್ಯದ್ದಲ್ಲ ಜಯಮ್ಮನೋರೇ. ಗೊಬ್ಬರ ಇಲ್ಲದೇನೇ ಇಷ್ಟು ಅನಿಲ ಬಿಡ್ತಿದೆ. ನಿಜವಾಗ್ಲೂ ಏನೂ ಹಾಕಿಲ್ಲ ತಾನೆ?"

"ನೀವು ಬ್ಯಾಡ ಅಂದ್ಮೇಲೆ ಆಕ್ತೀನಾ? ಒಂದ್ ಕಾಳು ಗೊಬ್ಬರ ಆಕಿಲ್ಲ, ದೇವ್ರಾಣೆಗೂ."

ಅದನ್ನೂ ಬರೆದುಕೊಂಡೆ. ಯಂತ್ರವನ್ನು ಪೆಟ್ಟಿಗೆಗೆ ಹಾಕುವಾಗ ಅವರೇ ಕೇಳಿದರು. "ಅಲ್ಲಾ ಸಾ, ಪಾತಿ ಮಾಡ್ಬುಟ್ಟು ಅಂಗೇ ಓಗಿದೀರಲ್ಲ, ಗಿಡ ಯಾವಾಗ್ ನೆಡ್ತೀರಾ?"

"ಯಾವ ಪಾತಿ?"

ಜಯಮ್ಮ ಉಂಗುರದ ಕಡೆ ಕೈ ತೋರಿಸಿದರು. "ಮಣ್ಣು ಅದವಾಗಿರ್ಲಿ ಅಂತ ದಿನಾ ಬೆಳಗ್ಗೆ ಒಂದ್ ಚೊಂಬು ದನದ ಗಂಜಲ ಉಯ್ತಾವ್ನಿ."