ತೊಟ್ಟಿಲಿನ ಕೊಕ್ಕೆ

ನಂಜುಂಡನವರು ಕುರ್ಚಿಯಲ್ಲಿ ಕೂರುವ ಮೊದಲು ಅದನ್ನು ಒಮ್ಮೆ ಅಲ್ಲಾಡಿಸಿ ನೋಡುವವರು. ಮದುವೆ ಮನೆಗೆ ಹೋದರೂ ಅವರ ಕಣ್ಣು ಮೊದಲು ಹೋಗುವುದು ವಧೂವರರ ಕಡೆಗಲ್ಲ, ತಲೆಯ ಮೇಲೆ ತಿರುಗುವ ಫ್ಯಾನಿನ ಕಡೆಗೆ. ಜೋಗೇಶ್ವರಿಯ ಸಣ್ಣ ಕಾರ್ಖಾನೆಯೊಂದರಲ್ಲಿ, ಭಾರ ಎತ್ತುವ ಚೈನ್ ಪುಲ್ಲಿಗಳನ್ನು ಪರೀಕ್ಷಿಸುವುದೇ ಅವರ ಜೀವಮಾನದ ಕೆಲಸವಾಗಿತ್ತು. ಹೊರಬೇಕಾದದ್ದಕ್ಕಿಂತ ಹೆಚ್ಚು ಭಾರ ತೂಗುಹಾಕಿ, ಅಲ್ಲಾಡಿಸಿ, ತಾಳಿಕೊಂಡರೆ ಮಾತ್ರ ಮಾಲು ಹೊರಗೆ. ನಿವೃತ್ತಿಯಾದ ಮೇಲೆ ಆ ಚಟ ಮನೆಗೆ ಬಂತು. "ನನ್ನನ್ನೂ ಹೀಗೇ ಜಗ್ಗಿ ನೋಡಿ ಮದುವೆ ಆದ್ರೋ ಏನೋ" ಎಂದು ಹೆಂಡತಿ ಶಾಮಲಾ ಬಂದವರೆದುರು ಛೇಡಿಸುತ್ತಿದ್ದರು.

ಇಂಥ ಮನುಷ್ಯ ತಾವೇ ಹಾಕಿದ ಒಂದು ಕೊಕ್ಕೆಯ ಚಿಂತೆಯಲ್ಲಿ ಒದ್ದಾಡಿಹೋದರು.

ಸಾಂತಾಕ್ರೂಜ್‌ನ ಅವರ ಫ್ಲ್ಯಾಟಿನಲ್ಲಿ ಮರುದಿನ ಮೊಮ್ಮಗಳ ನಾಮಕರಣ. ಸೊಸೆ ಸುಪ್ರಜಾಳ ತಂದೆತಾಯಿ ಬೆಂಗಳೂರಿನಿಂದ ಮರದ ತೊಟ್ಟಿಲು ತಂದಿದ್ದರು. ಅದನ್ನು ತೂಗುಹಾಕಲು ಹಾಲ್‌ನ ಚಾವಣಿಗೆ ಕೊಕ್ಕೆ ಬೇಕು. ಮಗ ವಿಕ್ರಂ, "ಅಪ್ಪ, ಮಿಸ್ತ್ರೀನ ಕರೀತೀನಿ" ಅಂದ. "ನಾನೇನು ಸತ್ತಿದೀನಾ?" ಎಂದು ಇವರು ಏಣಿ ಹತ್ತಿದರು.

ಗಟ್ಟಿ ಕಾಂಕ್ರೀಟಿಗೆ ಡ್ರಿಲ್ ಇಟ್ಟರೆ ಅದು ಕಿರುಚಾಡಬೇಕು, ಬೂದಿಯಂಥ ಪುಡಿ ಉದುರಬೇಕು. ಇಲ್ಲಿ ಅದು ಹಣ್ಣು ಪಪ್ಪಾಯಿಗೆ ಚಾಕು ಇಳಿದ ಹಾಗೆ ಇಳಿಯಿತು. ಉದುರಿದ್ದು ಕಂದು ಮರಳು, ಜೊತೆಗೆ ತುಕ್ಕಿನ ಚೂರು. ಹಳೇ ಬಿಲ್ಡಿಂಗು, ಸಮುದ್ರದ ಗಾಳಿ ಒಳಗಿನ ಕಬ್ಬಿಣವನ್ನು ತಿಂದುಹಾಕಿತ್ತು. ಬೋಲ್ಟ್ ಬಿಗಿಸಿದರು. ಕೊನೆಯ ಸುತ್ತಿನಲ್ಲಿ ಅದು ಹಿಡಿತ ತಪ್ಪಿ ಸುಮ್ಮನೆ ತಿರುಗಿದಂತಾಯಿತು.

ಕೆಳಗೆ ಬೀಗರು ಕತ್ತೆತ್ತಿ ನಿಂತಿದ್ದರು. "ಗಟ್ಟಿ ಇದೆಯಾ ಬೀಗರೇ?"

"ಆನೆ ಕಟ್ಟಿದ್ರೂ ಬೀಳಲ್ಲ!" ಮಾತು ಬಾಯಿಂದ ಜಾರಿಹೋಯಿತು.

ಆಗಲೇ ಶುರುವಾಯಿತು ಸಂಕಟ. ಕೈಯಿಂದ ಜಗ್ಗಿದರೆ ಕೊಕ್ಕೆ ನಿಲ್ಲುತ್ತಿತ್ತು, ನಿಜ. ಆದರೆ ತೊಟ್ಟಿಲು ಸುಮ್ಮನೆ ನೇತಾಡುವ ವಸ್ತುವಲ್ಲ. ತೂಗಿದಾಗ, ಪ್ರತಿ ಸಲ ಕೆಳಗಿಳಿದು ಬರುವಾಗ ಅದರ ಎಳೆತ ಹೆಚ್ಚುತ್ತದೆ. ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಬೋಲ್ಟನ್ನು ಅಲುಗಿಸಿ ತೂತನ್ನು ಸಡಿಲ ಮಾಡುತ್ತದೆ. ಕೊಕ್ಕೆ ಉಕ್ಕಿನದು, ಮುರಿಯುವುದಿಲ್ಲ. ಅದನ್ನು ಹಿಡಿದುಕೊಂಡಿರುವುದು ಮರಳು. ಇದೆಲ್ಲ ಅವರಿಗೆ ಅಂಗೈ ಗೆರೆಯಷ್ಟು ಚೆನ್ನಾಗಿ ಗೊತ್ತು. ಹೇಳಿಬಿಡಬೇಕಿತ್ತು. ಆದರೆ ಊರಿನ ಮಾಲನ್ನೆಲ್ಲ ತಿರಸ್ಕರಿಸಿದ ಮನುಷ್ಯನಿಗೆ, ಬೀಗರೆದುರು ತನ್ನ ಕೆಲಸವೇ ಕೆಟ್ಟಿದೆ ಎನ್ನಲು ನಾಲಿಗೆ ಹೊರಳಲಿಲ್ಲ. ಮತ್ತೆ ಏಣಿ ಹತ್ತೋಣವೆಂದರೆ ಹಾಲ್ ತುಂಬ ನೆಂಟರು. ಇಂಥ ಹಾಳು ಮರ್ಯಾದೆ ಯಾರಿಗೆ ಬೇಕು, ಹೇಳಿ!

ನಾಮಕರಣದ ದಿನ ಬೆಳಗ್ಗೆ ಒಂದು ದಾರಿ ಹೊಳೆಯಿತು. ನಮ್ಮಲ್ಲಿ ಮಗುವಿಗಿಂತ ಮೊದಲು ತೊಟ್ಟಿಲಲ್ಲಿ ಮಲಗುವುದು ಗುಂಡುಕಲ್ಲು. ರುಬ್ಬುವ ಕಲ್ಲಿಗೆ ಸ್ನಾನ ಮಾಡಿಸಿ, ಬಟ್ಟೆ ಸುತ್ತಿ, ಮಲಗಿಸಿ ತೂಗಿ, ಆಮೇಲೆ ಮಗು. ಈ ಮನೆಯಲ್ಲಿ ಮಿಕ್ಸಿ ಬಂದು ಕಲ್ಲು ಹೋಗಿತ್ತು. ಅದಕ್ಕೆ ಸುಪ್ರಜಾ ಕಲ್ಲಿನ ಬದಲು ಹತ್ತಿಯ ಆನೆಬೊಂಬೆ ತೆಗೆದಿಟ್ಟಿದ್ದಳು.

"ಬೊಂಬೆ ಆಗಲ್ಲ. ಕಲ್ಲೇ ಆಗಬೇಕು. ಶಾಸ್ತ್ರ ಅಂದ್ರೆ ಶಾಸ್ತ್ರ," ಎಂದರು ನಂಜುಂಡನವರು.

ಪೂಜೆಯ ಹೊತ್ತಿನಲ್ಲಿ ಪೇಪರ್ ಹಿಡಿದು ಕೂರುವವರ ಬಾಯಲ್ಲಿ ಶಾಸ್ತ್ರ! ಶಾಮಲಾ ಕಣ್ಣರಳಿಸಿದರು. ಇವರು ಆಗಲೇ ಚಪ್ಪಲಿ ಮೆಟ್ಟಿ ಹೊರಟಿದ್ದರು. ಲೋಕಲ್ ಹಿಡಿದು ಮಾಟುಂಗಕ್ಕೆ, ಪರಿಚಯದ ಶೇಖರನ ಹೋಟೆಲಿಗೆ. ಅಲ್ಲಿ ಹಿಂಬಾಗಿಲು ಬಡಿಯದಂತೆ ಹಳೆಯ ರುಬ್ಬುಗುಂಡೊಂದನ್ನು ಆನಿಸಿಟ್ಟಿದ್ದರು.

"ಎಂತ ನಂಜುಂಡಣ್ಣ, ಇಷ್ಟು ಭಾರದ್ದು ಯಾಕೆ? ಸಣ್ಣದು ಸಾಕಲ್ವಾ ಮಾರಾಯ್ರೆ?"

"ಭಾರದ್ದೇ ಬೇಕು," ಎಂದು ಚೀಲಕ್ಕೆ ಹಾಕಿಕೊಂಡರು. ಬಿದ್ದರೆ ಶಾಸ್ತ್ರದಲ್ಲೇ ಬೀಳಲಿ, ದೋಷ ಕಲ್ಲಿನ ತಲೆಗೆ ಹೋಗಲಿ ಎಂಬ ಲೆಕ್ಕಾಚಾರ ಅವರದು.

ಕಲ್ಲಿಗೆ ಸ್ನಾನವಾಯಿತು, ಕುಂಕುಮವಾಯಿತು. ಮುತ್ತೈದೆಯರು ತೊಟ್ಟಿಲಲ್ಲಿ ಮಲಗಿಸಿ ನಯವಾಗಿ ತೂಗಿದರು. ಕೊಕ್ಕೆ ಮಿಸುಕಲಿಲ್ಲ. ಹಾಡು ಮುಗಿಯಿತು. ಸುಪ್ರಜಾಳ ತಾಯಿ ಕಲ್ಲನ್ನು ಎತ್ತಿಕೊಳ್ಳಲು ಬಗ್ಗಿದರು. ಸುಪ್ರಜಾ ಮಗುವನ್ನೆತ್ತಿಕೊಂಡು ಮುಂದೆ ಬಂದಳು. ನಂಜುಂಡನವರ ಕಣ್ಣು ಮಾತ್ರ ಚಾವಣಿಯಲ್ಲಿತ್ತು. ಬೋಲ್ಟಿನ ಸುತ್ತ ಕೂದಲೆಳೆಯಷ್ಟು ಗೆರೆ ಮೂಡಿತ್ತು. ಅಲ್ಲಿಂದ ಒಂದು ಚಿಟಿಕೆ ಮರಳು ಉದುರಿತು.

"ಇರಿ, ಇರಿ! ಎಲ್ಲರೂ ಹಿಂದೆ ಸರೀರಿ! ಇನ್ನೊಂದು ಸಲ ತೂಗಬೇಕು!"

"ರೀ, ಏನಾಯ್ತು ನಿಮಗೆ?" ಎಂದರು ಶಾಮಲಾ. ಅವರು ಕೇಳಿಸಿಕೊಳ್ಳಲಿಲ್ಲ. ಮೈಯ ಬಲವನ್ನೆಲ್ಲ ಹಾಕಿ ತೊಟ್ಟಿಲನ್ನು ಜೋರಾಗಿ ನೂಕಿದರು. ಅದು ಕಿಟಕಿಯ ಎತ್ತರಕ್ಕೆ ಹೋಗಿ, ಹಿಂದಿರುಗಿ ಕೆಳಗಿಳಿಯುವಾಗ ಕೊಕ್ಕೆ ಒಂದು ಹೆಂಟೆ ಗಾರೆಯ ಸಮೇತ ಕಿತ್ತುಬಂತು. ತೊಟ್ಟಿಲು ನೆಲಕ್ಕೆ ಬಡಿದು ಒಂದು ಪಕ್ಕ ಸೀಳಿತು. ಕಲ್ಲು ಉರುಳಿ ಟೈಲ್ಸನ್ನು ಒಡೆದು ನಿಂತಿತು.

ಬೀಗರು ಚಾವಣಿಯ ತೂತನ್ನೇ ನೋಡುತ್ತಿದ್ದರು. "ದೇವರು ದೊಡ್ಡವನು, ಶಾಸ್ತ್ರ ಮಗೂನ ಕಾಪಾಡ್ತು," ಎಂದು ಸುಪ್ರಜಾಳ ತಾಯಿ ಕೈಮುಗಿದರು. ಅಲ್ಲಿಗೆ ಇವರ ಲೆಕ್ಕಾಚಾರ ಫಲಿಸಿದಂತೆಯೇ.

ಆದರೆ ಸುಪ್ರಜಾ ಮಗುವನ್ನು ಅಪ್ಪಿಕೊಂಡು ಅವರನ್ನೇ ದಿಟ್ಟಿಸುತ್ತಿದ್ದಳು. "ಮಾವ, ಎಲ್ಲರನ್ನೂ ಹಿಂದೆ ಸರಿಸಿದ್ರಲ್ಲ. ನಿಮಗೆ ಗೊತ್ತಿತ್ತಾ?"

ಅವಳ ಮುಖ ನೋಡಿ ಸುಳ್ಳು ಬರಲಿಲ್ಲ. "ಗೊತ್ತಿತ್ತಮ್ಮ. ನಿನ್ನೆಯಿಂದ."

"ನಿನ್ನೆಯಿಂದ? ಮತ್ತೆ ಬೋಲಾ ಕ್ಯೂಂ ನಹೀ?" ಯಾಕೆ ಹೇಳಲಿಲ್ಲ ಎಂಬುದು ಗಾಬರಿಯಲ್ಲಿ ಈ ಊರಿನ ಹಿಂದಿಯಲ್ಲೇ ಹೊರಬಿತ್ತು.

"ಹೇಳೋಕೆ ನಾಚಿಕೆ ಆಯ್ತು."

ತೊಟ್ಟಿಲು ಮುರಿದಿದ್ದರಿಂದ ಹಿರಿಯರು ಚಾಪೆ ಹಾಸಿ, ವಿಕ್ರಮನ ತೊಡೆಯ ಮೇಲೆ ಮಗುವನ್ನು ಮಲಗಿಸಿ, ಕಿವಿಯಲ್ಲಿ ಹೆಸರು ಹೇಳಿದರು: ಧಾತ್ರಿ. ಮಗು ಕೈಯಿಂದ ಕೈಗೆ ಸಾಗಿತು. ಬೀಗರು, ಬೀಗಿತ್ತಿ, ಶಾಮಲಾ ಎಲ್ಲರೂ ಎತ್ತಿ ಮುದ್ದಾಡಿದರು. ನಂಜುಂಡನವರೂ ಕೈಚಾಚಿದರು.

ಸುಪ್ರಜಾ ಮಗುವನ್ನು ತನ್ನ ಹೆಗಲಿಗೆ ಹಾಕಿಕೊಂಡಳು. "ಇವತ್ತು ಬೇಡ ಮಾವ," ಎಂದಳು, ದನಿ ಏರಿಸದೆ. "ನಾಳೆ ಕೊಡ್ತೀನಿ."

ನಂಜುಂಡನವರು ಆಗಲಿ ಎಂಬಂತೆ ತಲೆಯಾಡಿಸಿ ಕೈ ಹಿಂದಕ್ಕೆ ತೆಗೆದುಕೊಂಡರು.