ಮಲ್ಲೇಶ್ವರಕ್ಕೆ ಹತ್ತು ಡಬ್ಬಿ ನುಸಿ

ಬೆಳಿಗ್ಗೆ ಎಂಟೂಕಾಲಿಗೆ ಚಾಮರಾಜಪೇಟೆಯ ಮನೆ ಬಿಟ್ಟೆ. ಹೋಗಬೇಕಿದ್ದದ್ದು ಮಲ್ಲೇಶ್ವರದ ಒಂದು ಕಾಲೇಜಿಗೆ. ಏಳು ಕಿಲೋಮೀಟರ್ ಇರಬಹುದು. ಇಪ್ಪತ್ತು ವರ್ಷ ಹೂವಿನ ವ್ಯಾಪಾರ ಮಾಡಿ, ನಲವತ್ತೈದಕ್ಕೆ ಎಂ.ಎಸ್ಸಿ. ಸೇರಿ ಪಾಸಾದ ನನಗೆ ಅಂದು ಪಿಎಚ್.ಡಿ. ಸಂದರ್ಶನ. ಸೀಟು ಒಂದೇ. ಚೀಲದಲ್ಲಿ ಹತ್ತು ಡಬ್ಬಿ, ಡಬ್ಬಿಯಲ್ಲಿ ಮಲ್ಲಿಗೆ ಮೊಗ್ಗು, ಮೊಗ್ಗಿನಲ್ಲಿ ಎಳ್ಳಿಗಿಂತ ಸಣ್ಣ ನುಸಿ. ನನ್ನ ಸಂಶೋಧನೆಯ ವಿಷಯವೇ ಅವು, ಜೀವಂತವಾಗಿ ತೋರಿಸಬೇಕಿತ್ತು.

ಮಾರ್ಕೆಟ್ಟಿನಲ್ಲಿ ಬಸ್ಸು ಬದಲಿಸಿದೆ. ಹೆಂಗಸರಿಗೆ ಟಿಕೆಟ್ ಪುಕ್ಕಟೆ, ಕೂರುವ ಜಾಗ ಮಾತ್ರ ಅದೃಷ್ಟ. ಬಸ್ಸು ಅರ್ಧ ಗಂಟೆ ಬಿಸಿಲಲ್ಲೇ ನಿಂತಿತು. ಡಬ್ಬಿ ತೆರೆದರೆ ಮೊಗ್ಗು ಬಾಡತೊಡಗಿತ್ತು. ಬಾಟಲಿ ನೀರನ್ನು ಅಂಗೈಗೆ ಸುರಿದುಕೊಂಡು ಆರು ಡಬ್ಬಿಗೆ ಚಿಮುಕಿಸಿದೆ. ಏಳನೆಯದಕ್ಕೆ ಕೈ ಹಾಕುವಷ್ಟರಲ್ಲಿ ಬಸ್ಸು ಹೊರಟು, ಕಂಡಕ್ಟರು ಬಂದರು.

"ಡಬ್ಬೀಲಿ ಏನಮ್ಮಾ?"

"ಹುಳ."

"ಮುಚ್ಚಿ, ಮುಚ್ಚಿ. ಜನ ಇದಾರೆ."

ಮಲ್ಲೇಶ್ವರದಲ್ಲಿ ಇಳಿದು ಎರಡು ಇಡ್ಲಿ ತೆಗೆದುಕೊಂಡೆ. ಒಂದನ್ನು ತಿಂದು, ಇನ್ನೊಂದನ್ನು ಎಲೆಯಲ್ಲೇ ಬಿಟ್ಟು ಕಾಲೇಜಿಗೆ ನಡೆದೆ.

ಸಂದರ್ಶನ ಮಾಡಿದ ಪ್ರೊಫೆಸರು ನನಗಿಂತ ಹತ್ತು ವರ್ಷ ಚಿಕ್ಕವರು. ಮೊದಲ ಡಬ್ಬಿಯ ಮೊಗ್ಗನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದರು.

"ಎಲ್ಲಾ ಸತ್ತೋಗಿವೆಯಲ್ಲ. ಏನಾಯ್ತು?"

ನಾನೂ ನೋಡಿದೆ. ನೀರ ಹನಿಗೆ ಅಂಟಿಕೊಂಡು ಸತ್ತಿದ್ದವು. ಬಿಸಿಲಿನ ಮೇಲೆ ತಪ್ಪು ಹಾಕಬಹುದಿತ್ತು. ಮಾತು ನಾಲಿಗೆಯ ತುದಿಗೂ ಬಂದಿತ್ತು.

"ನಾನೇ ನೀರು ಚಿಮುಕಿಸಿದೆ, ಮೇಡಂ. ಹೂ ಬಾಡುತ್ತೆ ಅಂತ. ವ್ಯಾಪಾರದ ಅಭ್ಯಾಸ." ನಾಚಿಕೆಯಿಂದ ಸಾಯುವಂತಾಯಿತು.

"ಹತ್ತಕ್ಕೂ ಹಾಕಿದ್ರಾ?"

"ಆರಕ್ಕೆ. ಅಷ್ಟರಲ್ಲಿ ಬಸ್ಸು ಹೊರಡ್ತು."

ಉಳಿದ ನಾಲ್ಕನ್ನೂ ನೋಡಿದರು. ಅವುಗಳಲ್ಲಿ ನುಸಿ ಆರಾಮವಾಗಿ ಓಡಾಡುತ್ತಿದ್ದವು. ಪ್ರೊಫೆಸರು ಒಂದು ಹಾಳೆಯನ್ನು ನನ್ನತ್ತ ಸರಿಸಿದರು.

"ಈಗ ಹೇಳಿದ್ದನ್ನೇ ಬರೀರಿ. ಎಷ್ಟು ಹೊತ್ತಿಗೆ ಹಾಕಿದ್ರಿ, ಎಷ್ಟು ಹಾಕಿದ್ರಿ, ಎಲ್ಲಾ. ಸೀಟು ಕೊಟ್ಟೆ ಅನ್ಕೋಬೇಡಿ. ನಾಳೆ ಹತ್ತು ಡಬ್ಬೀಲೂ ಜೀವ ಇರ್ಬೇಕು. ಆಮೇಲೆ ಮಾತಾಡೋಣ."

ಒಂದು ಗಂಟೆಗೆ ಮತ್ತೆ ಮಾರ್ಕೆಟ್ಟಿನಲ್ಲಿ ಇಳಿದೆ. ಇಪ್ಪತ್ತು ವರ್ಷವೂ ನನಗೆ ಹೂ ಕೊಟ್ಟವಳು ಮುನಿಯಮ್ಮ. ನುಸಿ ಹತ್ತಿದ ಮೊಗ್ಗನ್ನೇ ಆರಿಸಿ ಕಾಲು ಕಿಲೋ ಕೊಡು ಎಂದೆ. ವಿಚಿತ್ರವಾಗಿ ನೋಡಿದಳು, ಆದರೂ ತೂಗಿದಳು. ಆಮೇಲೆ ಅವಳ ಕೈ ತಾನಾಗಿ ಬಕೆಟ್ಟಿಗೆ ಹೋಯಿತು.

"ನೀರು ಬೇಡ, ಮುನಿಯಮ್ಮ."

"ಮನೆ ಸೇರೋಷ್ಟರಲ್ಲಿ ಬಾಡೋಗುತ್ತೆ ಕಣಮ್ಮ."

"ಬಾಡ್ಲಿ ಬಿಡು."

ಮುನಿಯಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಜ್ವರವೇನಾದರೂ ಬಂದಿದೆಯೇ ಎಂದು ನನ್ನ ಹಣೆ ಮುಟ್ಟಿ ನೋಡಿದಳು.