ನಾನು ಹೇಳದೆ ಬಿಟ್ಟ ಸಾಲು

ನಾನು ಚಿಕ್ಕವನಿದ್ದಾಗ, ೧೯೭೧ರ ಜೂನ್ ತಿಂಗಳಲ್ಲಿ, ನನ್ನ ಓದು ನಿಂತಿತು. ಏಳನೆಯ ತರಗತಿಯ ಪುಸ್ತಕ ಆಗಲೇ ಮನೆಗೆ ಬಂದಿತ್ತು. ಕಾಪು ಪೇಟೆಯಿಂದ ಒಳಗೆ, ಮನೆಯೆದುರಿನ ಜಾಗದಲ್ಲಿ, ಅಪ್ಪ ಆ ಮಳೆಗೆ ಮಲ್ಲಿಗೆ ಗಿಡ ನೆಟ್ಟಿದ್ದರು. "ಒಬ್ಬನಿಂದ ಆಗುವುದಿಲ್ಲ. ಈ ವರ್ಷ ನನ್ನ ಜೊತೆ ಇರು, ಮುಂದಿನ ವರ್ಷ ಕಳಿಸುವ. ಸ್ವಲ್ಪ ತಾಳ್ಮೆ ಬೇಕು," ಎಂದರು. ಲೆಕ್ಕದಲ್ಲಿ ಇಡೀ ತರಗತಿಗೆ ನಾನೇ ಮೊದಲು, ಮಕ್ಕಳೇ. ಅದು ಅಪ್ಪನಿಗೂ ಗೊತ್ತಿತ್ತು.

ಸುತ್ತಿನ ಕ್ರೈಸ್ತ ಮನೆಗಳಿಗೆ ಚರ್ಚು ನೇಮಿಸಿದ ಹಿರಿಯ, ಇಗರ್ಜಿಯ ಗುರಿಕಾರರು, ಅಪ್ಪನೇ. ಯಾರ ಮನೆಯಲ್ಲಿ ಜಗಳವಾದರೂ ಹೋಗಿ, ಪ್ರಾರ್ಥನೆ ಮಾಡಿಸಿ, ಒಬ್ಬರ ಕೈ ಇನ್ನೊಬ್ಬರಿಗೆ ಹಿಡಿಸಿ ಬರುತ್ತಿದ್ದರು. ಅವರ ತಾಳ್ಮೆಯನ್ನು ಊರೇ ಹೊಗಳುವಾಗ ನಾನು ಎದ್ದು ಹೊರಗೆ ಹೋಗುತ್ತಿದ್ದೆ.

ಸೆಪ್ಟೆಂಬರಿನಲ್ಲಿ ಮರಿಯಮ್ಮನ ಹುಟ್ಟುಹಬ್ಬ, ನಮ್ಮ ಮೊಂತಿ ಹಬ್ಬ, ಬಂತು. ಅಕ್ಕನೂ ನಾನೂ ಬಾಲ ಮಾತೆಗೆ ಅರ್ಪಿಸಲು ಹೂವಿನ ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದೆವು. ಹಿಂದೆ ನನ್ನ ತರಗತಿಯ ಹುಡುಗನಿದ್ದ. "ಎಂತ ಮಾರಾಯ, ಕೈಯೆಲ್ಲ ಗೊಬ್ಬರದ ವಾಸನೆ? ಮಾತೆಗೆ ಹೂವೋ ಗೊಬ್ಬರವೋ?" ಎಂದ. ಸಾಲಿಡೀ ನಕ್ಕಿತು. ಅಕ್ಕ ಅವನ ಕಾಲು ತುಳಿದಳು. ನಾನು ಎಸೆದ ಹೂವು ಮಾತೆಯ ಪಾದಕ್ಕೆ ತಲುಪಲೇ ಇಲ್ಲ.

ಮಧ್ಯಾಹ್ನ ಹೊಸ ಅಕ್ಕಿ ಅರೆದು ಬೆರೆಸಿದ ತೆಂಗಿನ ಹಾಲು ಕುಡಿದೆವು. ಬಾಳೆ ಎಲೆಯ ಮೇಲೆ ಹರಿವೆ, ಅಲಸಂಡೆ, ಪಾಯಸ. ನನ್ನ ಬಾಯಿಗೆ ಎಲ್ಲವೂ ಒಂದೇ ರುಚಿ.

ಸಂಜೆ ಮನೆಯ ದೇವರ ಪೀಠದ ಮುಂದೆ, ಮೇಣದ ಬತ್ತಿಯ ವಾಸನೆಯಲ್ಲಿ, ಎಲ್ಲರೂ ಮೊಣಕಾಲೂರಿದೆವು. ತಪ್ಪು ಮಾಡಿದವರನ್ನು ನಾವು ಕ್ಷಮಿಸುತ್ತೇವೆ ಎನ್ನುವ ಸಾಲು ಬಂದಾಗ ನಾನು ಬಾಯಿ ಮುಚ್ಚಿದೆ. ಅಪ್ಪ ಜಪ ನಿಲ್ಲಿಸಿದರು.

"ನಾಲಗೆ ಇಲ್ವಾ?"

"ಉಂಟು. ನಾಳೆ ಶಾಲೆಗೆ ಕಳಿಸಿ, ಹೇಳ್ತೇನೆ."

ಪೆಟ್ಟು ಬೀಳುತ್ತದೆ ಎಂದುಕೊಂಡೆ. ಅಕ್ಕ ನನ್ನ ಅಂಗಿ ಎಳೆದಳು. "ಹೇಳಿಬಿಡು ಮಾರಾಯ, ಮೊಣಕಾಲು ನೋಯ್ತದೆ," ಎಂದು ಪಿಸುಗುಟ್ಟಿದಳು. ಅಪ್ಪ ಬಾಗಿ ಮೇಣದ ಬತ್ತಿಯ ಕರಿ ಚಿವುಟಿದರು. "ನಿನಗೆ ಆಗುವಾಗ ಹೇಳು," ಎಂದು ಮುಂದಿನ ಸಾಲಿಗೆ ಹೋದರು.

ಅಂದಿನಿಂದ ಪ್ರತಿ ಸಂಜೆ ಆ ಜಾಗ ಬಂದಾಗ ಅಪ್ಪ ಒಂದು ಉಸಿರಿನಷ್ಟು ನಿಲ್ಲಿಸುತ್ತಿದ್ದರು. ನನಗಾಗಿ ಕಾಯುತ್ತಿದ್ದರು. ಆದರೆ ಶಾಲೆಗೆ ಕಳಿಸಲಿಲ್ಲ. ಮರುವರ್ಷ ಗಿಡ ಹೂ ಬಿಟ್ಟಿತು, ಕೆಲಸ ಇಮ್ಮಡಿಯಾಯಿತು. ತಪ್ಪಾಯಿತು ಎಂಬ ಮಾತು ಅವರ ಬಾಯಿಂದ ಬರಲಿಲ್ಲ, ಆ ಸಾಲು ನನ್ನ ಬಾಯಿಂದ ಬರಲಿಲ್ಲ. ಅವರು ತೀರಿಕೊಂಡ ದಿನವೂ ಬರಲಿಲ್ಲ. ಎಷ್ಟೋ ವರ್ಷ ಕಳೆದು, ಕಾಯಲು ಯಾರೂ ಇಲ್ಲದ ಒಂದು ಸಂಜೆ, ಅರ್ಧ ಬಂತು. ಉಳಿದರ್ಧ ಕೆಲವು ದಿನ ಬರುತ್ತದೆ, ಕೆಲವು ದಿನ ಬರುವುದಿಲ್ಲ. ದೇವರು ಅವಸರ ಮಾಡಲಿಲ್ಲ. ನಾನೂ ಸುಳ್ಳು ಹೇಳಲಿಲ್ಲ.

ನೀವು ಮಣಿಪಾಲದಲ್ಲಿ ಬೆಳೆಯುವ ಮಕ್ಕಳು. ಶಾಲೆಯ ಬಸ್ಸು ಗೇಟಿಗೇ ಬರುತ್ತದೆ. ಇಗರ್ಜಿಯಲ್ಲಿ ಮೊದಲ ಪರಮ ಪ್ರಸಾದ ಸ್ವೀಕರಿಸಲು ಬೇಕಾದ ಪ್ರಾರ್ಥನೆಗಳನ್ನೆಲ್ಲ ಮೊಬೈಲಿನಲ್ಲಿ ಕೇಳಿ ಎಂಟೇ ದಿನದಲ್ಲಿ ಕಲಿತಿರಿ, ಒಂದೇ ಉಸಿರಿಗೆ ಹೇಳಿ ಮುಗಿಸುತ್ತೀರಿ. ಕ್ಷಮಿಸಬೇಕಾದವರು ನಿಮಗೆ ಇನ್ನೂ ಯಾರೂ ಇಲ್ಲ. ಒಳ್ಳೆಯದು.

ನನ್ನ ಹತ್ತಿರ ಈಗ ಇರುವುದು ಇಷ್ಟು: ತೊಂಬತ್ತು ಮಲ್ಲಿಗೆ ಗಿಡ, ಒಂದು ಬಾವಿ, ನಾನೇ ಕಟ್ಟಿಸಿದ ತಾರಸಿ ಮನೆ, ಮೂವರು ಮೊಮ್ಮಕ್ಕಳು, ಆರನೆಯ ತರಗತಿಯ ಒಂದು ಪ್ರೋಗ್ರೆಸ್ ಕಾರ್ಡು.